ಒಣಕೊಂಬೆಯ ಹಕ್ಕು: ಬೆಂಗಳೂರಿನ ಉದ್ಯಾನಗಳ ಕುಟ್ರುಹಕ್ಕಿಯನ್ನು ಕುರಿತು

ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ಗಳನ್ನು ಉಳಿಸಲೆಂದು 1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಅದರ ಮುಖ್ಯ ಕಾಳಜಿ ಜಾಗದ್ದು, ಉದ್ಯಾನದ ನೆಲ ಪರರ ಪಾಲಾಗಬಾರದು ಎಂಬುದು. ಮರುವರ್ಷದ ಮರಗಳ ಸಂರಕ್ಷಣಾ ಕಾಯ್ದೆ ಹಸಿರು ಮರಕ್ಕೆ ಕಾವಲಾಯಿತು. ಸತ್ತ ಮರವಾದರೆ ಕಡಿಯಲು ಅನುಮತಿ ನಿರಾಕರಿಸುವಂತಿಲ್ಲ ಎನ್ನುವುದೂ ಅದೇ ಕಾಯ್ದೆ. ಒಣಮರದ ಪರವಾಗಿ ಮಾತನಾಡುವವರು ಯಾರೂ ಇಲ್ಲ. ಉದ್ಯಾನದ ಹಕ್ಕಿಗಳ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಬೇಸಿಗೆಯಿಡೀ ‘ಕುಟ್ರು ಕುಟ್ರು’ ಎಂದು ಕೂಗುವ ಹಸಿರು ಕುಟ್ರುಹಕ್ಕಿಯನ್ನೇ ನೋಡಿ. ಮರಕುಟಿಗನ ಕೊಕ್ಕಿನಷ್ಟು ಗಟ್ಟಿಯಲ್ಲದ ಕೊಕ್ಕು ಇದರದು. ಆದ್ದರಿಂದ ಮೆದುವಾದ, ಒಳಗೇ ಲಡ್ಡಾದ ಮರವನ್ನು ಅರಸುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಹೆಚ್ಚಾಗಿ ಒದಗುವುದು ಗುಲ್‌ಮೊಹರ್ ಮತ್ತು ಆಫ್ರಿಕನ್ ಟುಲಿಪ್. ಮೊದಲನೆಯದು ಮಡಗಾಸ್ಕರ್‌ನದು, ಎರಡನೆಯದು ಆಫ್ರಿಕದ್ದು. ಬೇಗ ಮುರಿಯುತ್ತವೆಂದು ಮೊದಲು ಕೊಡಲಿ ಬೀಳುವುದೂ ಇವಕ್ಕೇ. ನಾಟಿ ಮರಗಳನ್ನೇ ನೆಡಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಈಗಾಗಲೇ ಹಕ್ಕಿಗೆ ಮನೆಯಾಗಿರುವ ಹೊರನಾಡಿನ ಮುದಿಮರವನ್ನು ಉರುಳಿಸಲು ಆ ವಾದ ನೆಪವಾಗಬಾರದು.

ಗೂಡು ಕೊರೆಯುವಾಗ ಗಂಡುಹೆಣ್ಣು ಸರದಿಯ ಮೇಲೆ ದುಡಿಯುತ್ತವೆ. ಕಾಂಡಕ್ಕೆ ಕಚ್ಚಿಕೊಂಡು ಕುಟ್ಟುವುದು, ತುಂಡು ಕಿತ್ತು ಹೊರಗೆಸೆಯುವುದು. ಬುಡದಲ್ಲಿ ಮರದ ಹೊಟ್ಟು ಬಿದ್ದಿರುತ್ತದೆ. ಗೂಡು ಸಿದ್ಧವಾಗಲು ಸುಮಾರು 20 ದಿನ, ಕಾವಿಗೆ 14–15 ದಿನ, ಮರಿಗಳು ಹಾರಲು ಇನ್ನೂ 36–38 ದಿನ. ಅಂದರೆ ಒಂದು ಸಂಸಾರಕ್ಕೆ ಆ ಒಣಕೊಂಬೆ ಎರಡು ತಿಂಗಳಿಗೂ ಮಿಕ್ಕಿ ಅಲುಗದೆ ಇರಬೇಕು. ಅವು ಬಿಟ್ಟುಹೋದ ಪೊಟರೆ, ತಾನಾಗಿ ಮರ ಕೊರೆಯಲಾರದ ಮಡಿವಾಳದಂಥ ಹಕ್ಕಿಗೆ ಆಸರೆ. ಆಲ, ಅತ್ತಿಗಳ ಬೀಜ ಊರೆಲ್ಲ ಹರಡುವ ಕೆಲಸದಲ್ಲೂ ಕುಟ್ರುಹಕ್ಕಿಯ ಪಾಲು ದೊಡ್ಡದು.

ಅದು ಹೆಚ್ಚಾಗಿ ಗೂಡು ಮಾಡುವುದು ಮಾರ್ಚ್–ಏಪ್ರಿಲ್‌ನಲ್ಲಿ. ಮಳೆಗಾಲಕ್ಕೆ ಮುನ್ನ ಒಣಕೊಂಬೆ ಸವರುವ ಕೆಲಸಕ್ಕೆ ಚುರುಕು ಮುಟ್ಟುವುದೂ ಆಗಲೇ. ತೊಡಕಿರುವುದು ಇಲ್ಲಿ. ನಡೆದಾಡುವ ಹಾದಿಯ ಮೇಲೆ, ಆಟದ ಜಾಗದ ಮೇಲೆ ಬಾಗಿದ ಕೊಂಬೆ ಹೋಗಲೇಬೇಕು. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಅದು ಮುರಿದು ಬಿದ್ದರೆ ಜೀವಹಾನಿ. ಆದರೆ ಅದನ್ನು ಅಕ್ಟೋಬರ್–ನವೆಂಬರ್‌ನಲ್ಲೇ ಸವರಬಹುದಲ್ಲ. ಜನರಿಗೂ ಕ್ಷೇಮ, ಹಕ್ಕಿಗೂ ಕ್ಷೇಮ. ಹಾದಿಯಿಂದ ದೂರದ ತೋಪುಗಳಲ್ಲಿ ಕೊಂಬೆ ತೆಗೆದರೂ ಕಾಂಡವನ್ನು ಆಳೆತ್ತರಕ್ಕಿಂತ ಮೇಲೆ ಹಾಗೇ ನಿಲ್ಲಿಸಬಹುದು.

ಉದ್ಯಾನ ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟು: ಬೇಸಿಗೆಯಲ್ಲಿ ಗರಗಸ ಎತ್ತುವ ಮುನ್ನ ಕೊಂಬೆಯ ಅಡಿಮೈಯನ್ನು ಒಮ್ಮೆ ನೋಡಿ, ದುಂಡನೆಯ ತೂತು ಕಂಡರೆ ಮರಿಗಳು ಹಾರುವತನಕ ಅದನ್ನು ಬಿಟ್ಟುಬಿಡಿ.