ಜೀವವೇ ದೇವರು

ಕಂಬಂ ಪಟ್ಟಣದ ನಂದಗೋಪಾಲ ಸ್ವಾಮಿಯ ಗುಡಿಯನ್ನು ಕಂಡವರಿಗೆ ಗೊತ್ತು, ಅಲ್ಲಿ ಸ್ವಾಮಿಯೆಂದು ಪೂಜೆ ಪಡೆಯುವುದು ಜೀವಂತ ಹೋರಿ. ಕನ್ನಡ ನಾಡಿನಿಂದ ಈ ಕಣಿವೆಗೆ ಬಂದು ನೆಲೆಸಿದ ಒಕ್ಕಲಿಗರು, ಅಂದರೆ ತಮಿಳಿನಲ್ಲಿ ಕಪ್ಪಿಲಿಯರ್ ಎನಿಸಿಕೊಂಡವರು, ಕಾಪಾಡಿಕೊಂಡು ಬಂದ ಮಂದೆಯ ಒಡೆಯ ಅದು. ಆ ಮಂದೆಗೆ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದು ಹೆಸರು. ಮನೆಮಾತಿನಲ್ಲಿ ‘ದೇವರ ಆವು’.

1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನರ ಗ್ರಂಥದಲ್ಲಿ ಇದರ ವಿವರವಿದೆ. ಪಟ್ಟದ ಹೋರಿ ಸತ್ತರೆ, ಒಳ್ಳೆಯ ದಿನ ನೋಡಿ ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಿದ್ದರು. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುವುದೋ ಅದಕ್ಕೇ ಅರಿಸಿನ, ಕುಂಕುಮ, ಹೂಮಾಲೆ. ಅಂದಿನಿಂದ ಅದೇ ನಂದಗೋಪಾಲ ಸ್ವಾಮಿ.

ದೇವರನ್ನು ಜೀವವೆಂದೇ ಕಂಡವರು ನಮ್ಮ ಹಿರಿಯರು ಮಾತ್ರವಲ್ಲ. ದಕ್ಷಿಣ ಇರಾಕ್ ಮತ್ತು ಇರಾನಿನ ಖೂಜಿಸ್ತಾನದ ನದೀತೀರಗಳಲ್ಲಿ ಬಾಳಿದ ಮಾಂಡಿಯನ್ನರೆಂಬ ಸಣ್ಣ ಸಮುದಾಯ ಪರಮದೈವವನ್ನು ‘ಹಯ್ಯಿ ರಬ್ಬಿ’, ಅಂದರೆ ಮಹಾಜೀವ ಎನ್ನುತ್ತದೆ. ಆತ ಬೆಳಕಿನ ಲೋಕದ ಒಡೆಯ, ಆತನಿಗೆ ವಿಗ್ರಹವಿಲ್ಲ. ಹರಿಯುವ ನೀರಿನಲ್ಲಿ ಮುಳುಗಿ ಏಳುವುದೇ ಅವರ ಮುಖ್ಯ ಸಂಸ್ಕಾರ.

ಎರಡು ನಂಬಿಕೆಗಳೂ ಒಂದೇ ಅಲ್ಲ. ಮಹಾಜೀವಕ್ಕೆ ಹುಟ್ಟುಸಾವಿಲ್ಲ, ನಮ್ಮ ಸ್ವಾಮಿ ಒಂದು ಮೈ ಬಿಟ್ಟು ಇನ್ನೊಂದು ಮೈಯಲ್ಲಿ ಬರುತ್ತಾನೆ. ಆದರೆ ಎರಡು ಕಡೆಯೂ ನಂಬಿಕೆ ಉಳಿಯಲು ಉಳಿಸುವ ಜನ ಬೇಕು. 2003ರ ಯುದ್ಧದ ನಂತರ ಮಾಂಡಿಯನ್ನರಲ್ಲಿ ಬಹಳ ಮಂದಿ ತಮ್ಮ ನದಿಗಳನ್ನು ಬಿಟ್ಟು ಸ್ವೀಡನ್, ಆಸ್ಟ್ರೇಲಿಯಗಳಿಗೆ ಚದುರಿದರು; ಅಲ್ಲಿನ ಹೊಳೆಗಳಲ್ಲೇ ಸಂಸ್ಕಾರ ಮುಂದುವರಿಸಿದರು. ನಾವಾದರೋ ಇರುವ ನೆಲದಲ್ಲೇ ಇದ್ದೇವೆ. ಮಂದೆಗೆ ಮೇವು ಬೇಕು. ‘ದೇವರ ಆವು’ ಎಂಬ ಮಾತಿಗೆ ನಮ್ಮ ಮಕ್ಕಳ ನಾಲಿಗೆ ಬೇಕು.