ಮುನ್ನೂರು ವರ್ಷಗಳ ಮನೆಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಕಟ್ಟಿದ ಮೇಲೆ ಏನನ್ನು ನೋಡಬೇಕೆಂದು ಅವರು ಹೇಳಲಿಲ್ಲ. ಇಂದಿನ ಗೃಹಸ್ಥನು ನೋಡುವುದು ಅದರ ಬೆಲೆಯನ್ನು. ೩೦ ವರ್ಷಗಳ ಹಿಂದೆ ೧೦ ಲಕ್ಷಕ್ಕೆ ಕೊಂಡ ಮನೆಗೆ ಈಗ ಯಾರಾದರೂ ೮೦ ಲಕ್ಷ ಕೊಡುವೆನೆಂದರೆ, ಎಂಟರಷ್ಟು ಲಾಭವಾಯಿತೆಂದು ಅವನು ಹಿಗ್ಗುತ್ತಾನೆ. ಆದರೆ ಅಕ್ಕಿ ಬೇಳೆಗಳ ಬೆಲೆ ವರ್ಷಕ್ಕೆ ನೂರಕ್ಕೆ ೭ರಂತೆ ಏರುತ್ತ ಬಂದಿದ್ದರೆ, ೩೦ ವರ್ಷಗಳಲ್ಲಿ ಅವೂ ಹೆಚ್ಚುಕಡಮೆ ಎಂಟರಷ್ಟಾಗುತ್ತವೆ. ಹಾಗಿದ್ದಲ್ಲಿ ಮನೆ ಏರಿತೆನ್ನುವುದಕ್ಕಿಂತ ರೂಪಾಯಿ ಇಳಿಯಿತೆನ್ನುವುದೇ ಸರಿ.

ಇಂಥ ಲೆಕ್ಕವನ್ನು ಪೂರ್ತಿಯಾಗಿ ನೋಡಲು ಒಬ್ಬ ಮನುಷ್ಯನ ಆಯುಷ್ಯ ಸಾಲದು. ಅದೃಷ್ಟವಶಾತ್, ಹಾಲೆಂಡಿನ ಆಂಸ್ಟರ್‌ಡ್ಯಾಮ್ ನಗರದಲ್ಲಿ ಅದಕ್ಕೆ ಬೇಕಾದ ದಾಖಲೆಗಳು ಉಳಿದಿವೆ. ಆ ನಗರವು ವ್ಯಾಪಾರದಿಂದ ಉಬ್ಬುತ್ತಿದ್ದ ೧೭ನೆಯ ಶತಮಾನದ ಮೊದಲ ಭಾಗದಲ್ಲಿ ಹೆರೆನ್‌ಗ್ರಾಖ್ತ್ ಎಂಬ ಕಾಲುವೆಯನ್ನು ತೋಡಿದರು. ‘ದೊಡ್ಡವರ ಕಾಲುವೆ’ ಎಂದು ಆ ಹೆಸರಿನ ಭಾವ. ಜವುಗು ನೆಲದಲ್ಲಿ ಮರದ ಕಂಬಗಳನ್ನು ಇಳಿಸಿ, ಅವುಗಳ ಮೇಲೆ ವರ್ತಕರು ಇಟ್ಟಿಗೆಯ ಮನೆಗಳನ್ನು ಎಬ್ಬಿಸಿದರು. ಆ ಮನೆಗಳಲ್ಲಿ ಬಹಳಷ್ಟು ಇಂದಿಗೂ ನಿಂತಿವೆ. ಒಂದೇ ಮನೆ ಮತ್ತೆ ಮತ್ತೆ ಮಾರಾಟವಾದಾಗ ಬಂದ ಬೆಲೆಗಳನ್ನು ಜೋಡಿಸಿ, ಪೀಟ್ ಐಕ್‌ಹೋಲ್ಟ್ಸ್ ಎಂಬ ಡಚ್ ವಿದ್ವಾಂಸರು ೧೬೨೮ರಿಂದ ೧೯೭೩ರವರೆಗಿನ ಲೆಕ್ಕವನ್ನು ೧೯೯೭ರಲ್ಲಿ ಪ್ರಕಟಿಸಿದರು.

ಅದರಿಂದ ತಿಳಿದುದೇನು? ಹಣದ ಬೆಲೆ ಇಳಿದುದನ್ನು ಕಳೆದು ನೋಡಿದರೆ, ೩೪೫ ವರ್ಷಗಳಲ್ಲಿ ಆ ಮನೆಗಳ ಬೆಲೆ ಸುಮಾರು ಎರಡರಷ್ಟಾಗಿತ್ತು, ಅಷ್ಟೆ. ಸರಾಸರಿ ವರ್ಷಕ್ಕೆ ನೂರಕ್ಕೆ ೦.೨! ಅದೂ ನೇರವಾದ ಏಣಿಯಲ್ಲ. ೧೬೭೨ರಲ್ಲಿ ಫ್ರಾನ್ಸ್ ಇಂಗ್ಲೆಂಡುಗಳು ಒಟ್ಟಾಗಿ ಮೇಲೆರಗಿದಾಗ ಬೆಲೆ ಕುಸಿಯಿತು. ಮತ್ತೆ ಚೇತರಿಸಿಕೊಂಡಿತು. ೧೭೯೫ರಲ್ಲಿ ಫ್ರೆಂಚರ ಸೈನ್ಯ ಬಂದಿತು, ಕಡಲ ವ್ಯಾಪಾರ ಕೆಟ್ಟಿತು, ಜನ ಊರು ಬಿಟ್ಟರು; ೨ ಲಕ್ಷ ೨೦ ಸಾವಿರದಷ್ಟಿದ್ದ ಜನಸಂಖ್ಯೆ ೧೮೧೫ರ ಹೊತ್ತಿಗೆ ೧ ಲಕ್ಷ ೮೦ ಸಾವಿರಕ್ಕೆ ಇಳಿಯಿತು. ಒಳ್ಳೆಯ ದಿನಗಳಲ್ಲಿ ತಂದೆ ಕೊಂಡ ಮನೆಯನ್ನು ಆ ಕಾಲದಲ್ಲಿ ಮಾರಹೊರಟ ಮಗನಿಗೆ ತಂದೆ ಕೊಟ್ಟಷ್ಟು ಹಣವೂ ಕೈಗೆ ಬರುವಂತಿರಲಿಲ್ಲ. ಕಂಬ ಅದೇ, ಇಟ್ಟಿಗೆ ಅದೇ. ಬದಲಾದುದು ಊರಿನ ಅದೃಷ್ಟ.

ಅವೆಲ್ಲ ಸಿರಿವಂತರ ಮನೆಗಳು, ನಮ್ಮಂಥವರ ಮಾತೇನು ಎಂದು ವಾಚಕರು ಕೇಳಬಹುದು. ಅಮೆರಿಕದ ರಾಬರ್ಟ್ ಶಿಲ್ಲರ್ ತಮ್ಮ ದೇಶದ ಸಾಧಾರಣ ಮನೆಗಳ ಲೆಕ್ಕವನ್ನು ೧೮೯೦ರಿಂದ ಹಾಕಿದ್ದಾರೆ. ಅಲ್ಲಿಯೂ ಒಂದು ಶತಮಾನದ ನಿಜವಾದ ಏರಿಕೆ ಅತ್ಯಲ್ಪ. ಆಮೇಲೆ, ೧೯೯೭ರಿಂದ ೨೦೦೬ರವರೆಗೆ, ಬೆಲೆ ನೂರಕ್ಕೆ ೮೫ರಷ್ಟು ಜಿಗಿಯಿತು. ಮನೆಯ ಬೆಲೆ ಎಂದೂ ಇಳಿಯದೆಂದು ನಂಬಿ ಜನ ಸಾಲ ಮಾಡಿದರು, ಬ್ಯಾಂಕುಗಳು ಕೊಟ್ಟವು. ಬೆಲೆ ಇಳಿದಾಗ ಮನೆಗಿಂತ ಸಾಲವೇ ದೊಡ್ಡದಾಯಿತು. ಲಕ್ಷಾಂತರ ಕುಟುಂಬಗಳು ಬೀದಿಗೆ ಬಂದವು.

ಹಾಗೆಂದ ಮಾತ್ರಕ್ಕೆ ಏರಿಕೆಯೆಲ್ಲ ಭ್ರಮೆಯೆನ್ನಲಾಗದು. ೧೪ ದೇಶಗಳ ೧೮೭೦ರಿಂದ ೨೦೧೨ರವರೆಗಿನ ಬೆಲೆಗಳನ್ನು ಕೂಡಿಸಿ ನೋಡಿದ ಒಂದು ಅಧ್ಯಯನ ೨೦೧೭ರಲ್ಲಿ ಹೊರಬಂದಿತು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ನಿಜವಾದ ಬೆಲೆ ಹೆಚ್ಚಾಗಿ ಏರಲಿಲ್ಲ. ಅನಂತರ ಬಹಳವಾಗಿ ಏರಿತು. ಆ ಏರಿಕೆಯ ನೂರಕ್ಕೆ ೮೦ರಷ್ಟು ಪಾಲು ನೆಲದ್ದು, ಗೋಡೆ ಮಾಡುಗಳದ್ದಲ್ಲ. ರೈಲು ಬಂದು ದೂರದ ಹೊಲಗಳನ್ನು ಊರಿನ ಹತ್ತಿರಕ್ಕೆ ತಂದಷ್ಟು ಕಾಲ ನೆಲ ಅಗ್ಗವಾಗಿತ್ತು. ಅಂಥ ಸೌಕರ್ಯದ ವಿಸ್ತಾರ ನಿಧಾನವಾದಾಗ ನೆಲ ತುಟ್ಟಿಯಾಯಿತು. ಗೋಡೆಯೋ ದಿನೇ ದಿನೇ ಸವೆಯುತ್ತದೆ. ಸುಣ್ಣ ಬಣ್ಣ, ಕಂದಾಯ, ಸೋರುವ ಮಾಳಿಗೆ, ಇವುಗಳ ಖರ್ಚನ್ನು ಲಾಭ ಎಣಿಸುವಾಗ ನಾವು ಮರೆಯುತ್ತೇವೆ.

ನೆಲದ ಬೆಲೆ ಏರಿದರೆ ಯಾರಿಗೆ ಹಿತ? ಒಂದೇ ಮನೆಯುಳ್ಳವನು ಅದನ್ನು ಮಾರಿದರೆ, ಅಷ್ಟೇ ತುಟ್ಟಿಯಾದ ಇನ್ನೊಂದು ಮನೆಯನ್ನು ಕೊಳ್ಳಬೇಕು. ಎರಡನೆಯ ಮನೆಯಿದ್ದವನಿಗೆ, ಊರು ಬಿಟ್ಟು ಹೋಗುವವನಿಗೆ ಮಾತ್ರ ಕೈಯಲ್ಲಿ ಹಣ ಉಳಿದೀತು. ಮನೆಯಿಲ್ಲದವನಿಗಂತೂ ಅದು ಬರಿಯ ನಷ್ಟ. ಆ ಮನೆಯಿಲ್ಲದವನು ಎಷ್ಟೋ ಸಲ ನಮ್ಮ ಮಗನೋ ಮಗಳೋ ಆಗಿರುತ್ತಾರೆ. ತಂದೆ ಹಿಗ್ಗುವ ಏರಿಕೆಯನ್ನೇ ಮಕ್ಕಳು ೨೦ ವರ್ಷಗಳ ಕಂತುಗಳಲ್ಲಿ ತೀರಿಸಬೇಕಾಗುತ್ತದೆ. ಸ್ವಂತ ಮನೆ ಬೇಡವೆಂದು ಈ ಚರಿತ್ರೆ ಹೇಳುವುದಿಲ್ಲ. ಮಳೆ ಬಿಸಿಲುಗಳಿಂದ ಕಾಯುವ, ಬಾಡಿಗೆಯ ಚಿಂತೆಯನ್ನು ತಪ್ಪಿಸುವ ಮನೆಯ ಉಪಕಾರ ಸಣ್ಣದಲ್ಲ. ಆ ಉಪಕಾರ ಮಾತ್ರ ಬೆಲೆ ಏರಿದಾಗಲೂ ಇಳಿದಾಗಲೂ ಒಂದೇ ಸಮ.