ಎಳ್ಳಮಾಸಿ ರಾತ್ರಿ ಹಾರಿದ ಅಲಸಂದಿ

2024ರ ಡಿಸೆಂಬರ್ 30, ಸೋಮವಾರ. ಅವತ್ತ ಎಳ್ಳಮಾಸಿ ಇತ್ತು, ನೆನಪದ ಏನ್ರಿ ಅಕ್ಕಾ? ಕಲಬುರಗಿ ಅರ್ಧ ಖಾಲಿ ಆಗಿತ್ತು. ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಕಟಗೊಂಡು ಎಲ್ಲಾರೂ ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದ್ವಿ. ಅದೇ ರಾತ್ರಿ ಹತ್ತಕ್ಕ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಹಾರ್ತು. ಅದರಾಗ ಒಂದು ಸಣ್ಣ ಡಬ್ಬಿ, ಡಬ್ಬಿಯಾಗ ಎಂಟು ಅಲಸಂದಿ ಬೀಜ. ನಾಕು ದಿನದಾಗ ಮೊಳಕಿ ಒಡದ್ವು, ಆಮ್ಯಾಲ ಎಲಿನೂ ಬಿಟ್ವು. ಇಸ್ರೋದವರು ಆ ಪ್ರಯೋಗಕ್ಕ ‘ಕ್ರಾಪ್ಸ್’ ಅಂತ ಹೆಸರಿಟ್ಟಿದ್ರು.

ಈ ಕೆಲಸ ಹೊಸಾದಲ್ಲ. 1982ರಾಗೇ ಸೋವಿಯತ್ ದೇಶದ ಸಲ್ಯೂತ್-7 ನಿಲ್ದಾಣದಾಗ ಸಾಸಿವಿ ಜಾತಿಯ ಒಂದು ಸಣ್ಣ ಗಿಡ ಹೂ ಬಿಟ್ಟು ಬೀಜ ಕಟ್ಟಿತ್ತು. ಆದ್ರ ನನಗ ಎಲ್ಲಕಿಂತ ಸೇರೋ ಕತಿ 1984ರದು. ಆ ವರ್ಷ ಏಪ್ರಿಲ್‌ದಾಗ ನಮ್ಮ ರಾಕೇಶ್ ಶರ್ಮಾ ಅಂತರಿಕ್ಷದಾಗ ಇದ್ರು. ಅದೇ ವಾರ ಅಮೆರಿಕಾದ ಚಾಲೆಂಜರ್ ನೌಕಿ ಒಂದು ಉಪಗ್ರಹ ಬಿಟ್ಟು ಬಂತು. ಅದರಾಗ 1 ಕೋಟಿ 25 ಲಕ್ಷ ಟಮಾಟಿ ಬೀಜ! ಒಂದು ವರ್ಷದಾಗ ವಾಪಸ್ ತರೋದಿತ್ತು. 1986ರಾಗ ಚಾಲೆಂಜರ್ ಅಪಘಾತ ಆಗಿ ಎಲ್ಲಾ ನಿಂತು, 1990ರ ಜನವರಿಗಿ ಬೀಜ ಕೆಳಗ ಬಂದ್ವು. ಬಂದ ಮ್ಯಾಲ ದೊಡ್ಡವರ ಕಪಾಟಿನ್ಯಾಗ ಇಡಲಿಲ್ರಿ, ಸಾಲಿ ಹುಡುಗರ ಕೈಯಾಗ ಕೊಟ್ರು. ಮ್ಯಾಲ ಹೋಗಿ ಬಂದವು ಒಂದು ಪಾಕೀಟು, ಭೂಮಿ ಮ್ಯಾಲೇ ಇದ್ದವು ಒಂದು ಪಾಕೀಟು. ಬಿತ್ತಬೇಕು, ಎಣಿಸಬೇಕು, ಬರದು ಕಳಿಸಬೇಕು. ನಡುವ ‘ಈ ಟಮಾಟಿ ತಿಂದ್ರ ವಿಷ ಆದೀತು’ ಅಂತ ಗುಲ್ಲೆದ್ದಿತ್ತು. ತಾಯಂದಿರು ಎಷ್ಟು ಹೆದರಿರಬೇಕು ಅಂತ ನನಗ ತಿಳೀತದ. ಕಡಿಗಿ ನೋಡಿದ್ರ ಎರಡೂ ಪಾಕೀಟಿನವು ಸರೀಸುಮಾರು ಒಂದೇ ಥರ ಬೆಳದಿದ್ವು.

ಅದೇ 1984ರಾಗ ನಮ್ಮ ಕಲಬುರಗಿಯಾಗ ಜಿಲ್ಲಾ ವಿಜ್ಞಾನ ಕೇಂದ್ರ ಶುರು ಆತು. ರಜಾದಾಗ ಮಕ್ಕಳನ್ನ ಮಾಲ್‌ಗಿ ಕರಕೊಂಡು ಹೋಗೋರು ಒಂದು ದಿನ ಅಲ್ಲಿಗೂ ಹೋಗ್ರಿ.

2025ರ ಜೂನ್ 25ಕ್ಕ ಶುಭಾಂಶು ಶುಕ್ಲಾ ಹೋದ್ರಲ್ಲ, ಅವರ ಕೈಯಾಗ ಮೆಂತ್ಯ, ಹೆಸರಕಾಳು ಕಳಿಸಿದವರು ನಮ್ಮ ಧಾರವಾಡದವರು. ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ, ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. ನಿಲ್ದಾಣದಾಗ ನೀರು ಹಾಕಿ, ಮೊಳಕಿ ಬಂದ ಮ್ಯಾಲ ಫ್ರೀಜರಿನ್ಯಾಗ ಇಟ್ಟು ತಂದ್ರು. ಅದರಾಗಿನ ಸತ್ವ ಏನರ ಬದಲಾಗ್ಯಾದೇನು, ಎಂಥಾ ಸೂಕ್ಷ್ಮಜೀವಿ ಬೆಳೀತಾವ ಅಂತ ನೋಡಲಿಕ್ಕ. ನಾವು ದಿನಾ ಬಟ್ಟಿಯಾಗ ಕಟ್ಟಿ ಇಡೋ ಮೊಳಕಿನೇ ಅದು.

ನಮ್ಮ ಮನ್ಯಾಗ ‘ಒಕ್ಕಲುತನ ಬ್ಯಾಡ, ಓದಿ ನೌಕರಿ ಹಿಡಿ’ ಅಂತ ಹೇಳಿ ಹೇಳಿ, ತೊಗರಿ ನಾಡಿನ ಮಕ್ಕಳಿಗಿ ಈಗ ತೊಗರಿ ಗಿಡದ ಗುರುತೇ ಇಲ್ಲ. ಓದೋದೂ ಬಿತ್ತೋದೂ ಬ್ಯಾರೆ ಬ್ಯಾರೆ ಅಂತ ತಿಳಕೊಂಡಾರ. ಅದಕ್ಕ ಇದೊಂದು ಮಾಡಿಸ್ರಿ. ಗಾಜಿನ ಗ್ಲಾಸಿನ ಒಳಗ ಹಸಿ ಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವ ನಾಕು ಹೆಸರಕಾಳು ಸಿಗಿಸಿ ಇಡ್ರಿ. ಬೇರು ಬಂದ ಮ್ಯಾಲ ಗ್ಲಾಸ್ ಅಡ್ಡ ಮಲಗಿಸ್ರಿ. ಎರಡು ದಿನದಾಗ ಬೇರು ಹೊಳ್ಳಿ ಕೆಳಗ ಬಾಗ್ತದ. ಬೇರಿನ ತುದಿಯಾಗ ಪಿಷ್ಟದ ಸಣ್ಣ ಸಣ್ಣ ಕಣ ಇರ್ತಾವ. ಅವು ತೂಕಕ್ಕ ಕೆಳಗ ಕುಂದರ್ತಾವ, ಬೇರಿಗಿ ದಿಕ್ಕು ಹೇಳ್ತಾವ. ಮ್ಯಾಲ ನಿಲ್ದಾಣದಾಗ ತೂಕನೇ ತಿಳಿಯಂಗಿಲ್ಲ, ಕಣ ಕುಂದರಂಗಿಲ್ಲ, ಬೇರು ಎತ್ತಾರ ಹೋಗ್ತದ. ನೀರೂ ಹರಿಯಂಗಿಲ್ಲ, ಉಂಡಿ ಆಗಿ ಬೇರಿಗಿ ಹತ್ತಿ ಉಸಿರು ಕಟ್ಟಿಸ್ತದ.

ಕಮಲಾಪುರದಾಗ ಒಂದು ಹುಡುಗಿ ಕೇಳಿದ್ಲು: “ದೊಡ್ಡವ್ವಾ, ನಮ್ಮ ಕೆಂಪು ಬಾಳಿ ಯಾಕ ಕಳಿಸಿಲ್ಲ?” ಬಾಳಿಗಿ ಪಾಕೀಟಿನ್ಯಾಗ ಹಾಕೋ ಬೀಜ ಇಲ್ಲವ್ವ, ಕಂದು ಹಚ್ಚಬೇಕು, ಗೊನಿ ಬರಲಿಕ್ಕ ವರ್ಷದ ಮ್ಯಾಲ ಬೇಕು, ಆಳೆತ್ತರ ದಾಟ್ತದ, ಅಲ್ಲಿ ಜಾಗ ಎಲ್ಲಿ ಅಂದೆ. ಅದಕ್ಕೇ 2015ರ ಆಗಸ್ಟ್‌ದಾಗ ಅಲ್ಲಿ ಬೆಳದು ತಿಂದದ್ದು ಲೆಟ್ಯೂಸ್ ಸೊಪ್ಪು, ಅದೂ ಕೆಂಪಂದೇ ಅಂತ ಹೇಳ್ದೆ. ಆಕಿ ಸುಮ್ಮನಾಗಲಿಲ್ಲ. “ಹಂಗಾರ ಕುಳ್ಳಂದು ಬಾಳಿ ಮಾಡಬೇಕು,” ಅಂತ ನೋಟ್‌ಬುಕ್ಕಿನ್ಯಾಗ ಚಿತ್ರ ಬರೀಲಿಕ್ಕ ಕುಂತ್ಲು.